ಕಾಯಿ ಬಿದ್ದ ಸದ್ದು

ತೋಟದಲ್ಲಿ ಕಾಯಿ ಬಿದ್ದರೆ ಚಿಕ್ಕಗಂಗಮ್ಮ ಕೂತಲ್ಲಿ ಕೂರುತ್ತಿರಲಿಲ್ಲ. ಬಾಯಿಗಿಟ್ಟ ಮುದ್ದೆಯ ತುತ್ತು ನುಂಗಿದಳೋ ಇಲ್ಲವೋ, ಎಂಜಲ ಕೈಯಲ್ಲೇ ಹಿತ್ತಲ ಬಾಗಿಲು ದಾಟಿರುತ್ತಿದ್ದಳು. ಯಾವ ಸಾಲಿನ ಕಾಯಿ ಎಂಬುದು ಸದ್ದಿನಲ್ಲೇ ಅವಳಿಗೆ ತಿಳಿಯುತ್ತಿತ್ತು. ನುಸಿ ರೋಗ ಬಂದು ಕಾಯಿಗಳೆಲ್ಲ ಮುರುಟಿ, ಇನ್ನೂ ಬಲಿಯದ ಹರಳಿನಲ್ಲೇ ಉದುರತೊಡಗಿದ ಮೇಲೆ ಊರಿನ ಉಳಿದವರು ಸದ್ದಾದಾಗಲೆಲ್ಲ ಓಡಿ ಬರಿಗೈಯಲ್ಲಿ ಬರುತ್ತಿದ್ದರು. ಇವಳು ಮಾತ್ರ "ಅದು ಹರಳು, ಬುಡು" ಎಂದು ತಲೆಯೆತ್ತದೆ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ಬಲಿತ ಕಾಯಿ ಬಿದ್ದಾಗಷ್ಟೇ ಏಳುವಳು. ಅವಳ ಕಿವಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಗಂಡ ಅಂಜನಪ್ಪ ಇದನ್ನೇ ಜಗಲಿಯ ಮೇಲೆ ನಗೆಮಾತು ಮಾಡಿಕೊಂಡಿದ್ದ. "ಇವ್ಳ ಕಿವಿ ತೋಟದಾಗೇ ಐತೆ ಕಣ್ಲಾ, ನಾನು ಕರುದ್ರೆ ಮಾತ್ರ ಕೇಳಾಕಿಲ್ಲ" ಎನ್ನುವನು. ಬಂದವರು ನಗುವರು. ಅವನ ಜಗಲಿಗೆ ಜನ ಬರುವುದು ಯಾವತ್ತೂ ಹೆಚ್ಚು. ತುರುವೇಕೆರೆಯಿಂದ ಅಮ್ಮಸಂದ್ರದ ಕಡೆಗೆ ಹೋಗುವ ದಾರಿಯ ಆ ಊರಿನಲ್ಲಿ ಬದುವಿನ ಜಗಳವಾಗಲಿ, ಅಣ್ಣತಮ್ಮಂದಿರ ಪಾಲಿನ ತಂಟೆಯಾಗಲಿ, ನ್ಯಾಯ ಹೇಳಲು ಅವನೇ ಬೇಕು. ಸಿಟ್ಟು ಮಾಡದವನು, ತನ್ನದನ್ನು ಬಿಟ್ಟುಕೊಟ್ಟಾದರೂ ತಂಟೆ ತೀರಿಸುವವನು, ದೇವರಂಥ ಮನುಷ್ಯ ಎಂದು ಹೆಸರು. ಜಗಲಿಯ ಮೇಲೆ ದೇವರಂತಿರುವವನು ಒಳಗೆ ಹೇಗಿದ್ದಾನೆಂದು ಊರು ಕೇಳುವುದಿಲ್ಲ. ಊರಿಗೆ ಅದರಿಂದ ಆಗಬೇಕಾದ್ದೂ ಇಲ್ಲ.

ಚಿಕ್ಕಗಂಗಮ್ಮ ಮದುವೆಯಾಗಿ ಬಂದಾಗ ಮನೆಯ ಹಿಂದಿನ ತೋಟ ಮಾತ್ರ ಇತ್ತು. ಬದುವಿನ ಆಚೆಗೆ, ಬಾವಿಯ ಸುತ್ತ, ಹುರುಳಿ ಹಾಕುವ ಬರಡು ಹೊಲ. ಅವಳು ಬಂದ ವರ್ಷವೇ ಮಾವ ಅಲ್ಲಿ ಗುಂಡಿ ತೆಗೆಸಿ ತೆಂಗಿನ ಸಸಿ ಇಡಿಸಿದ. ಇಟ್ಟವನು ಅವನು, ನೀರು ಹೊತ್ತವಳು ಇವಳು. ತಲೆಯ ಮೇಲೊಂದು ಬಿಂದಿಗೆ, ಸೊಂಟದಲ್ಲೊಂದು. ಬೇಸಗೆ ಬಂದರೆ ಬೆಳಗ್ಗೆಯೂ ಸಂಜೆಯೂ ಗುಂಡಿಯಿಂದ ಗುಂಡಿಗೆ. ಮಗ ಬೀರೇಶ ಹೊಟ್ಟೆಯಲ್ಲಿದ್ದಾಗಲೂ ಹೊತ್ತಳು, ಅವನನ್ನು ಬೆನ್ನಿಗೆ ಕಟ್ಟಿಕೊಂಡೂ ಹೊತ್ತಳು. ಸಸಿಗಳ ಬೇರು ನೀರಿಗೆ ತಾಕಿ, ಇನ್ನು ಇವಕ್ಕೆ ಯಾರ ಹಂಗೂ ಬೇಡ ಎನ್ನುವ ಹೊತ್ತಿಗೆ ಅವಳ ನೆತ್ತಿಯ ಕೂದಲು ಸವೆದು ಬೋಳಾಗಿತ್ತು.

ಆ ಮರಗಳು ಹೊಂಬಾಳೆ ಬಿಟ್ಟು ಚೆನ್ನಾಗಿ ಕಾಯಿ ಕಚ್ಚಿದ ಮೇಲೆ ಪಾಲಾಯಿತು. ಅಂಜನಪ್ಪನ ತಮ್ಮ ಮೈಲಾರಪ್ಪ ಬಾವಿ ತೋಟವೇ ಬೇಕೆಂದು ಹಟ ಹಿಡಿದ. ಹಿರಿಯರು ಜಗಲಿಯ ಮೇಲೆ ಕೂತು ಇಬ್ಬರ ಮುಖ ನೋಡುತ್ತಿದ್ದರು. ಅಂಜನಪ್ಪ ವೀಳ್ಯದೆಲೆಗೆ ಸುಣ್ಣ ಸವರುತ್ತ, "ತಗಳ್ಳಿ ಬುಡಿ, ಯಾರು ಹೊರಗ್ನೋರು?" ಎಂದುಬಿಟ್ಟ. ಭೇಷ್ ಎಂದರು ಎಲ್ಲರೂ. ಆ ಒಂದು ಮಾತಿನಿಂದಲೇ ಅವನ ಹೆಸರು ಸುತ್ತಲ ಹಳ್ಳಿಗೆಲ್ಲ ಹಬ್ಬಿತು. ಒಳಗೆ ಅಷ್ಟೂ ಜನಕ್ಕೆ ಅಡುಗೆ ಮಾಡುತ್ತಿದ್ದವಳನ್ನು ಕರೆದು ಒಂದು ಮಾತು ಕೇಳಬೇಕೆಂದು ಅವನಿಗೂ ತೋಚಲಿಲ್ಲ, ಹಿರಿಯರಿಗೂ ತೋಚಲಿಲ್ಲ. ಚಿಕ್ಕಗಂಗಮ್ಮ ಎಲೆ ಹಾಕಿ ಬಡಿಸಿದಳು. ಆಮೇಲೆ ಬಾವಿ ತೋಟದಲ್ಲಿ ಕಾಯಿ ಬಿದ್ದಾಗಲೂ ಅವಳು ಏಳುತ್ತಿದ್ದಳು. ಬದುವಿನವರೆಗೆ ಹೋಗಿ, ನಿಂತು, ತಿರುಗಿ ಬರುತ್ತಿದ್ದಳು. ಬದು ದಾಟಲಿಲ್ಲ.

ವಯಸ್ಸಾದಂತೆ ಅವಳಿಗೆ ಅರಳು ಮರಳು ಶುರುವಾಯಿತು. ಸಾರಿಗೆ ಉಪ್ಪು ಹಾಕಿ ಮತ್ತೆ ಹಾಕುವಳು. ಸತ್ತುಹೋದ ಅತ್ತೆಗೆ ತಟ್ಟೆ ಇಡುವಳು. ಸೊಸೆ ಗಿರಿಜಾಂಬಿಕಾಳನ್ನು ತನ್ನ ತಂಗಿ ಎಂದುಕೊಂಡು ತವರಿನ ಸುದ್ದಿ ಕೇಳುವಳು. ಗಂಡನನ್ನಂತೂ ಪೂರ್ತಿ ಮರೆತಳು. ಒಂದು ದಿನ ಜಗಲಿಯ ಮೇಲಿದ್ದ ಅಂಜನಪ್ಪನನ್ನು ದಿಟ್ಟಿಸಿ, "ಯಾರ ಮನೆ ಆಳಯ್ಯ ನೀನು? ಬಿಸ್ಲು ನೆತ್ತಿಗೆ ಬಂದೈತೆ, ಕೆಲ್ಸ ನೋಡೋಗು" ಎಂದಳು. ಎದುರಿಗೆ ನ್ಯಾಯಕ್ಕೆ ಬಂದು ಕೂತವರಿದ್ದರು. ಅಂಜನಪ್ಪ ನಕ್ಕ. ಆ ನಗು ಬಾಯಿಯ ತುದಿಯಲ್ಲೇ ಉಳಿಯಿತು.

ಎಲ್ಲ ಹೋದರೂ ಕಾಯಿ ಬಿದ್ದ ಸದ್ದು ಅವಳಲ್ಲಿ ಉಳಿದಿತ್ತು. ಅವಳನ್ನು ಕೆಡವಿದ್ದೂ ಅದೇ. ಶಿವರಾತ್ರಿ ಕಳೆದ ಹೊಸತು, ಸಂಜೆ ಸದ್ದು ಕೇಳಿ ಓಡಿದವಳು ಪಾತಿಯ ಏರಿ ಎಡವಿ ಪಕ್ಕಕ್ಕೆ ಬಿದ್ದಳು. ಎತ್ತಲು ಹೋದರೆ ಕಾಲು ಹೊರಕ್ಕೆ ತಿರುಗಿಕೊಂಡಿತ್ತು. ಬೀರೇಶ ತನ್ನ ಟೆಂಪೋದಲ್ಲೇ ತಿಪಟೂರಿನ ಒಂದು ಆಸ್ಪತ್ರೆಗೆ ಸಾಗಿಸಿದ. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿದೆ ಎಂದರು. ಆಪರೇಷನ್ ಮಾಡಿ ರಾಡು ಹಾಕಿದರು.

ಡಾಕ್ಟರು ಒಳ್ಳೆಯ ಮಾತನ್ನೇ ಹೇಳಿದ್ದರು: ನಾಳೆಯಿಂದಲೇ ಕೂರಿಸಿ, ನಿಲ್ಲಿಸಿ, ನಡೆಸಿ. ಹಾಗೆ ನಡೆಸಲೆಂದು ಆಸ್ಪತ್ರೆಯವನೊಬ್ಬ ಬಂದ. "ಅಜ್ಜಿ, ಮಂಡಿ ಮಡಚಿ. ಅಜ್ಜಿ, ಹಿಮ್ಮಡಿ ಒತ್ತಿ" ಎಂದು ಮಂಚದ ಬುಡದಲ್ಲಿ ನಿಂತು ಹೇಳಿದ. ಚಿಕ್ಕಗಂಗಮ್ಮ ಅವನ ಮುಖವನ್ನೇ ನೋಡಿದಳು. ಕಾಲು ಹಿಡಿಯಲು ಬಂದಾಗ ಕೆನ್ನೆಗೆ ಒಂದು ಬಿಟ್ಟಳು. ಮಾರನೆಯ ದಿನ ಅವನು ಬಾಗಿಲಲ್ಲೇ ನಿಂತು, "ಬುದ್ಧಿ ಸರಿ ಇರೋರಿಗೆ ಹೇಳ್ಕೊಡಬಹುದು ಯಜಮಾನ್ರೇ. ಇವರಿಗೆ ಇವತ್ತು ಹೇಳಿದ್ದು ನಾಳೆಗೆ ಇರಲ್ಲ. ಸುಮ್ನೆ ನಿಮಗೂ ಕಷ್ಟ, ಅವರಿಗೂ ಕಷ್ಟ" ಎಂದು ಒಂದು ವಾಕರ್ ಕೊಟ್ಟು ಕೈತೊಳೆದುಕೊಂಡ. ಅವಳಿಗೆ ಬುದ್ಧಿ ಇಲ್ಲವೆಂದು ಅವನು ಕಂಡುಕೊಂಡ. ಕಾಲಿಗೂ ಅದರದೇ ನೆನಪು ಇರುತ್ತದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಮನೆಗೆ ತಂದ ಮೇಲೆ ಊರಿನ ಬುದ್ಧಿವಂತರ ಸರದಿ. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಅಟ್ಟಕ್ಕೆ ಹಾಕಿದ ಕಾಯಿಯನ್ನು ಮುಟ್ಟುತ್ತೀವಾ? ವರ್ಷ ತುಂಬಿ, ನೀರು ಇಂಗಿ, ಕೊಬ್ಬರಿ ತಾನಾಗಿ ಚಿಪ್ಪು ಬಿಡುವವರೆಗೆ ಅಲುಗಿಸುತ್ತೀವಾ? ಮೂಳೆಯೂ ಹಾಗೇ, ಅಲುಗಿಸಿದರೆ ಕೆಟ್ಟಿತು. ಕೊಬ್ಬರಿಯ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಅಂಜನಪ್ಪ ತಲೆಯಾಡಿಸಿದ. ಅವಳನ್ನು ನಡುಮನೆಯ ಮಂಚದ ಮೇಲೆ ಅಂಗಾತ ಮಲಗಿಸಿ, ಅಕ್ಕಪಕ್ಕಕ್ಕೆ ಕಂಬಳಿ ಸುತ್ತಿಟ್ಟು, ಅಲ್ಲಾಡದಂತೆ ಮಾಡಿದರು. ಅವಳು ಕೊಬ್ಬರಿಯಾಗಲಿಲ್ಲ. ಅನ್ನ ಬಿಟ್ಟಳು, ಮಾತು ಬಿಟ್ಟಳು, ಬೆನ್ನು ಕೆಂಪಾಯಿತು. ಯುಗಾದಿಯ ಹೋಳಿಗೆಯ ಚೂರು ಬಾಯಲ್ಲೇ ಉಳಿದಿತ್ತು.

ಮತ್ತೆ ತೋರಿಸಲು ಹೋದಾಗ ಡಾಕ್ಟರು ಕೂಗಾಡಿದರು. "ಮಲಗಿಸಿ ಅಂತ ಯಾರ್ರೀ ಹೇಳಿದ್ದು? ಹಿಂಗೇ ಮಲಗಿಸಿದ್ರೆ ಮೂಳೆ ಕೂಡುತ್ತೆ, ಮನುಷ್ಯ ಉಳಿಯಲ್ಲ. ಮೊದಲು ಬೆನ್ನು ಕೊಳೆಯುತ್ತೆ, ಆಮೇಲೆ ಎದೆಗೆ ಕಫ ಕಟ್ಟುತ್ತೆ. ನಡೆದ್ರೆ ಬದುಕ್ತಾರೆ, ಇಲ್ಲ ಅಂದ್ರೆ ಮಳೆಗಾಲ ದಾಟಲ್ಲ." ಊರಿಗೆಲ್ಲ ಬುದ್ಧಿ ಹೇಳುವ ಅಂಜನಪ್ಪ ಟವೆಲನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಅವಳು ಹೋಗಿಬಿಟ್ಟರೆ ಎಂಬ ಯೋಚನೆ ಅವನಿಗೆ ಅದೇ ಮೊದಲು ಬಂತು. ಇಷ್ಟು ಕಾಲ ಅವಳು ಮನೆಯ ಕಂಬದಂತೆ ಅಲ್ಲಿದ್ದಳು. ಕಂಬವನ್ನು ಯಾರು ತಿರುಗಿ ನೋಡುತ್ತಾರೆ? ಅವನಿಗೆ ಭಯವಾಯಿತು.

ಆದರೆ ನಡೆಸುವುದು ಹೇಗೆ? ವಾಕರ್ ಮುಂದಿಟ್ಟರೆ ಅದಕ್ಕೆ ಸೀರೆ ಒಣಗಹಾಕುವಳು. ಎತ್ತಿ ನಿಲ್ಲಿಸಿದರೆ ಕಿರುಚುವಳು. ಹೀಗೇ ಎರಡು ದಿನ ಹೆಣಗಿ ಅಂಜನಪ್ಪ ಮಂಚದ ಕಾಲಿಗೆ ಒರಗಿ ಕೂತಿದ್ದಾಗ ಹಿತ್ತಲ ತೋಟದಲ್ಲಿ ಧೊಪ್ಪೆಂದು ಕಾಯಿ ಬಿತ್ತು. ತಲೆಯ ಮೇಲೆ ಮಂಚ ಕಿರ್ರೆಂದಿತು. ತಿರುಗಿ ನೋಡಿದರೆ ಚಿಕ್ಕಗಂಗಮ್ಮ ಎರಡೂ ಕೈಯಲ್ಲಿ ಮಂಚದ ಪಟ್ಟಿ ಹಿಡಿದು ಅರ್ಧ ಎದ್ದಿದ್ದಳು. ಕಾಲು ನೆಲವನ್ನು ಹುಡುಕುತ್ತಿತ್ತು. "ಬಾವಿ ಕಡೆ ಸಾಲು" ಎಂದಳು. ಎಷ್ಟೋ ದಿನದ ಮೇಲೆ ಅವಳು ಆಡಿದ ಮೊದಲ ಮಾತು.

ಅಂಜನಪ್ಪ ಮಾರನೆಯ ಬೆಳಗ್ಗೆ ಗಿರಿಜಾಂಬಿಕಾಳ ಕೈಗೆ ಒಂದು ಕಾಯಿ ಕೊಟ್ಟು, ಸೂರಿನ ಮೇಲಿಂದ ಹಿತ್ತಲಿಗೆ ಕೆಡವು ಎಂದ. ಸೊಸೆ ಮಾವನಿಗೂ ಅರಳು ಮರಳಾಯಿತೇ ಎಂಬಂತೆ ನೋಡಿದಳು. ಕೆಡವಿದಳು. ಒಳಗೆ ಅತ್ತೆ ಎದ್ದಳು. ಅಂಜನಪ್ಪ ಕಂಕುಳಿಗೆ ಕೈಕೊಟ್ಟ. ಒಂದು ಹೆಜ್ಜೆ ಇಟ್ಟು ಕುಸಿದಳು, ಆದರೆ ಇಟ್ಟಳು. ಆಸ್ಪತ್ರೆಯವನಿಗೆ ಆಗದ್ದು ಒಂದು ತೆಂಗಿನಕಾಯಿಗೆ ಆಯಿತು. ಒಂದು ಸಲ ಸೊಸೆ ಕೈಗೆ ಸಿಕ್ಕಿದ ನುಸಿ ಕಾಯಿ ಕೆಡವಿದಾಗ ಮುದುಕಿ ಮಲಗಿದಲ್ಲಿಂದಲೇ, "ಹರಳು ಕಣೇ ಅದು, ಯಾರ್ಗೆ ಮೋಸ ಮಾಡ್ತೀಯ?" ಎಂದಳು. ಮಾವ ಸೊಸೆ ಇಬ್ಬರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ನಡುಮನೆಯಿಂದ ಹೊಸಲು, ಹೊಸಲಿನಿಂದ ಬಚ್ಚಲು, ಬಚ್ಚಲಿನಿಂದ ಮೊದಲ ಮರ. ಕಾಯಿ ದಿನದಿನಕ್ಕೂ ದೂರ ಬೀಳತೊಡಗಿತು. ವಾಕರನ್ನು ಕೈಗೆ ಕೊಡುವಾಗ ಅಂಜನಪ್ಪ, "ಕಾಯಿ ಹೊರೋ ಮಂಕ್ರಿ ಇದು, ಹಿಡ್ಕಳಿ" ಎನ್ನುವನು. ಅವಳು ಹಿಡಿದುಕೊಳ್ಳುವಳು. ಅವಳಿಗೆ ಅವನು ಆಳೇ. ಗಂಡನೆಂದು ಹೇಳಿದರೆ ಹೌಹಾರುತ್ತಿದ್ದಳಾದ್ದರಿಂದ ಅವನೂ ಆಳಿನಂತೆಯೇ "ಅಮ್ಮಾವ್ರೆ" ಎಂದು ಕರೆಯುವುದನ್ನು ರೂಢಿ ಮಾಡಿಕೊಂಡ. ಜೀವಮಾನವಿಡೀ "ಏನ್ಲೇ" ಎಂದು ಕರೆದ ಬಾಯಿ.

ಆಳಿನ ಮುಂದೆ ಅವಳಿಗೆ ಮುಚ್ಚುಮರೆ ಇರಲಿಲ್ಲ. ಮರದ ಬುಡದಲ್ಲಿ ಕೂತು ದಣಿವಾರಿಸಿಕೊಳ್ಳುವಾಗ ಮಾತು ತೆಗೆಯುವಳು.

"ನಿಂಗೆ ಕೂಲಿ ಸರಿಯಾಗಿ ಕೊಡ್ತಾನೇನಯ್ಯಾ ನಮ್ ಯಜಮಾನ?"

"ಕೊಡ್ತಾರೆ ಅಮ್ಮಾವ್ರೆ."

"ಕೊಡ್ತಾನೆ. ಹೊರಗಿನೋರ್ಗೆಲ್ಲ ಕೊಡ್ತಾನೆ. ಆ ಬಾವಿ ತೋಟ ನೋಡು. ಒಂದೊಂದು ಮರಕ್ಕೂ ನಾನು ಹೊತ್ತಿವ್ನಿ. ನೆತ್ತಿ ಮುಟ್ಟಿ ನೋಡು, ಕೂದ್ಲೈತಾ? ಎತ್ತಿ ಕೊಟ್ಬುಟ್ಟ ಕಣಯ್ಯ. ನನ್ನ ಒಂದ್ಮಾತು ಕೇಳ್ಲಿಲ್ಲ."

ಅಂಜನಪ್ಪ ಕೇಳಬಾರದಿತ್ತು, ಕೇಳಿದ.

"ಯಾಕಮ್ಮಾವ್ರೆ ಹಂಗ್ ಮಾಡಿದ್ರು?"

"ಇನ್ಯಾಕೆ? ಒಳ್ಳೇನು ಅನ್ನಿಸ್ಕಬೇಕಲ್ಲ" ಎಂದಳು ಚಿಕ್ಕಗಂಗಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ನಿಗೆ ಜಗ್ಲಿ ಮೇಲೆ ಹೊಗಳೋರು ಇದ್ರೆ ಅನ್ನ ಬ್ಯಾಡ. ನೀನು ಪರ್ವಾಗಿಲ್ಲ ಕಣಯ್ಯ. ಕೈ ಹಿಡುದ್ರೆ ಬುಡಾಕಿಲ್ಲ."

ಮನೆಯಾಚೆ ಎಷ್ಟು ಜನ ಹೊಗಳಿದರೂ ಇಷ್ಟು ಹಿತವಾದ ಮಾತನ್ನು ಅಂಜನಪ್ಪ ಕೇಳಿರಲಿಲ್ಲ. ಇಷ್ಟು ಕಹಿಯಾದದ್ದನ್ನೂ ಕೇಳಿರಲಿಲ್ಲ. ನಾನೇ ಕಣೇ ಆ ಯಜಮಾನ, ತಪ್ಪಾಯ್ತು ಎಂದುಬಿಡಬೇಕೆನ್ನಿಸಿತು. ಹೇಳಿದರೂ ಅವಳಿಗೆ ತಿಳಿಯುವಂತಿರಲಿಲ್ಲ. ತಪ್ಪನ್ನು ಒಪ್ಪಿಕೊಳ್ಳಲು ಹೋದವನಿಗೆ ಕೇಳುವವರೇ ಇಲ್ಲದಂತಾಯಿತು.

ಕಾರಹುಣ್ಣಿಮೆಯ ಹೊತ್ತಿಗೆ ಅವಳು ವಾಕರ್ ಹಿಡಿದು ತೋಟವೆಲ್ಲ ಓಡಾಡುವಂತಾದಳು. ಬೆನ್ನಿನ ಕೆಂಪು ಮಾಯಿತು, ಮುದ್ದೆ ಕೇಳಿ ಹಾಕಿಸಿಕೊಂಡಳು. ಆಮೇಲೆ ಆಗಬಾರದ್ದು ಆಯಿತು. ಒಂದು ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ್ದಾಗ ಬಾವಿ ತೋಟದಲ್ಲಿ ಕಾಯಿ ಬಿತ್ತು. ಚಿಕ್ಕಗಂಗಮ್ಮ ಎದ್ದಳು, ಬದುವಿನವರೆಗೆ ಹೋದಳು. ಯಾವ ಬದು, ಯಾವ ಪಾಲು? ಅವಳ ತಲೆಯಲ್ಲಿ ಪಾಲೇ ಆಗಿರಲಿಲ್ಲ. ವಾಕರ್ ಅಲ್ಲೇ ಬಿಟ್ಟು, ಬದು ಹಿಡಿದು ದಾಟಿದಳು. ಸೆರಗಿನಲ್ಲಿ ಕಾಯಿ ಕಟ್ಟಿಕೊಂಡು ಬಂದು ತನ್ನ ಹೊಸಲಿನಲ್ಲಿ ಸುರಿದಳು. ಮಾರನೆಯ ದಿನವೂ ಹೋದಳು. ಅದರ ಮಾರನೆಯ ದಿನವೂ.

ಮೈಲಾರಪ್ಪ ಬಂದ. ಒಬ್ಬನೇ ಬರಲಿಲ್ಲ, ಜಗಲಿಯ ಮೇಲೆ ಜನ ತುಂಬಿದ್ದ ಹೊತ್ತು ನೋಡಿಕೊಂಡೇ ಬಂದ. "ಅತ್ಗೆಮ್ಮುಂಗೆ ಬುದ್ಧಿ ಇಲ್ಲ, ಒಪ್ತೀನಣ್ಣಯ್ಯ. ಮನೆ ಒಳಗೆ ಕಾಯಿ ತುಂಬಿಸ್ಕಳೋರ್ಗೂ ಇಲ್ವಾ? ಊರಿಗೆಲ್ಲ ನ್ಯಾಯ ಹೇಳೋ ಮನೆ ಇದು" ಎಂದ. ಯಾರೋ ಕೆಮ್ಮಿದರು. ಯಾರೋ ಕಿಸಕ್ಕೆಂದರು.

ಅಂಜನಪ್ಪ ಅಲ್ಲಿ ಒಂದು ಮಾತು ಆಡಬಹುದಿತ್ತು. ಆ ಮರ ಬೆಳೆಸಿದವಳು ಅವಳು ಕಣ್ಲಾ, ಆಯ್ದುಕೊಂಡರೆ ಆಯ್ದುಕೊಳ್ಳಲಿ ಎನ್ನಬಹುದಿತ್ತು. ಅದಾಗದಿದ್ದರೆ ಗಿರಿಜಾಂಬಿಕಾ ಬಾಗಿಲ ಮರೆಯಿಂದ ಹೇಳಿದ್ದನ್ನಾದರೂ ಕೇಳಬಹುದಿತ್ತು. "ಮಾವ, ಅತ್ತೆ ತಂದಿದ್ದನ್ನ ಸಾಯಂಕಾಲ ನೀವೇ ಹೊತ್ಕಂಡು ಹೋಗಿ ಚಿಕ್ಕಮಾವನ ಮನೇಗೆ ಹಾಕಿ ಬಂದ್ರೆ ಆಯ್ತಲ್ಲ. ಅವ್ರು ನಡೀಲಿ" ಎಂದಿದ್ದಳು ಅವಳು. ಅಷ್ಟೇ ಸಾಕಿತ್ತು. ಆದರೆ ದಿನಾ ಸಂಜೆ ತಲೆಯ ಮೇಲೆ ಮಂಕರಿ ಇಟ್ಟುಕೊಂಡು ತಮ್ಮನ ಬಾಗಿಲಿಗೆ ಹೋಗುವ ಅಂಜನಪ್ಪನನ್ನು ಊರು ಹೇಗೆ ನೋಡುತ್ತದೆ? ಹೆಂಡತಿಯ ಮುಂದೆ ಆಳಾಗಬಲ್ಲವನಿಗೆ ಊರ ಮುಂದೆ ಆಗಲು ಬರಲಿಲ್ಲ. ಅವನು ಎದ್ದು ನಿಂತು ತಮ್ಮನಿಗೆ ಕೈಮುಗಿದ. "ತಪ್ಪಾಯ್ತಪ್ಪ, ಇನ್ಮೇಲೆ ಬರಾಕಿಲ್ಲ" ಎಂದ. ದೊಡ್ಡ ಮನುಷ್ಯ ಎಂದು ಜನ ಮೆಚ್ಚಿಕೊಂಡು ಹೋದರು. ಎರಡನೆಯ ಸಲವೂ ಅವಳನ್ನು ಕೇಳಲಿಲ್ಲ.

ಸಂಜೆ ಟೆಂಪೋ ನಿಲ್ಲಿಸಿ ಬಂದ ಬೀರೇಶ ಕೂಗಾಡಿದ. "ನಡ್ಸು ಅಂತ ನಿಂಗೆ ಹೇಳಿದ್ಯಾರಪ್ಪಾ? ಮಲಗಿದ್ರೆ ಒಂದ್ಕಡೆ ಇರ್ತಿದ್ಲು. ಈಗ ಯಾರು ಕಾಯೋರು ಹಗಲೂ ರಾತ್ರಿ? ನಾಳೆ ಬಾವಿಗೆ ಬಿದ್ರೆ?" ಬಾವಿಯ ಮಾತು ಬಂದದ್ದು ಅಂಜನಪ್ಪನಿಗೆ ಅನುಕೂಲವೇ ಆಯಿತು. ಹೌದಲ್ಲ, ಬಾವಿಗೆ ಬಿದ್ದರೆ? ತಾನು ಮಾಡುವುದು ಅವಳ ಒಳ್ಳೆಯದಕ್ಕೇ ಎಂದು ಹೇಳಿಕೊಳ್ಳಲು ಒಂದು ಕಾರಣ ಸಿಕ್ಕಿತು. ವಾಕರನ್ನು ಎತ್ತಿ ಅಟ್ಟದ ಮೇಲೆ ಕಾಯಿಗಳ ಪಕ್ಕಕ್ಕೆ ಎಸೆದ. ಮಂಚವನ್ನು ಒಳಕೋಣೆಗೆ ಹಾಕಿಸಿ ಹೊರಗಿನಿಂದ ಚಿಲಕ ಹಾಕಿದ.

ಮೊದಲ ದಿನಗಳಲ್ಲಿ ಅವಳು ಬಾಗಿಲು ತಟ್ಟಿದಳು. "ಏನಯ್ಯಾ, ಬಾಗ್ಲು ತೆಗಿ, ಕಾಯಿ ಬಿದ್ದೈತೆ" ಎಂದು ಆಳನ್ನು ಕರೆದಳು. ಆಳು ಹೊರಗೆ ಜಗಲಿಯ ಮೇಲೆ ಕೂತು ಟವೆಲಿನಲ್ಲಿ ಕಿವಿ ಮುಚ್ಚಿಕೊಂಡ. ಗಿರಿಜಾಂಬಿಕಾ ಮಾವನಿಗೆ ಊಟ ಇಡುವಾಗ ತಟ್ಟೆ ಕುಕ್ಕಿ ಇಡತೊಡಗಿದಳು. ಅತ್ತೆಯನ್ನು ಕೋಣೆಯೊಳಗೇ ನಡೆಸಲು ನೋಡಿದಳು. ಗೋಡೆಯಿಂದ ಗೋಡೆಗೆ ನಡೆಯಲು ಚಿಕ್ಕಗಂಗಮ್ಮನಿಗೆ ಕಾರಣವೇ ಕಾಣಲಿಲ್ಲ. ತಟ್ಟುವುದು ನಿಂತಿತು. ಕೂತವಳು ಮಲಗಿದಳು. ಮಡಚಿದ ಮಂಡಿ ಮಡಚಿದಂತೆಯೇ ಬಿಗಿದುಕೊಂಡಿತು, ಬೆನ್ನಿನ ಹಳೆಯ ಕೆಂಪು ಹುಣ್ಣಾಗಿ ಬಾಯ್ಬಿಟ್ಟಿತು. ಆಗ ಚಿಲಕ ತೆಗೆದರು. ತೆಗೆದರೂ ನಷ್ಟವಿರಲಿಲ್ಲ.

ಆಷಾಢ ಮುಗಿಯುತ್ತ ಬಂದು ಗಾಳಿ ಜೋರಾಯಿತು. ಗಾಳಿಗೆ ತೋಟವೆಲ್ಲ ಹೊಯ್ದಾಡಿತು. ಅಂಜನಪ್ಪ ಮಂಚದ ಪಕ್ಕ ಕೂತು ಅವಳ ಬಾಯಿಗೆ ಗಂಜಿ ಬಿಡುತ್ತಿದ್ದ. ಎದೆಯಲ್ಲಿ ಕಫದ ಗೊರಗೊರ. ಡಾಕ್ಟರು ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಹಿತ್ತಲಿನಲ್ಲಿ ಕಾಯಿ ಬಿತ್ತು. ಬಲಿತ ಕಾಯಿ, ಇಷ್ಟು ದಿನದ ಪಾಠದಲ್ಲಿ ಅಂಜನಪ್ಪನಿಗೂ ಸದ್ದಿನ ಗುರುತು ಹತ್ತಿತ್ತು.

ಚಿಕ್ಕಗಂಗಮ್ಮ ಕಣ್ಣು ತೆರೆದಳು. ಕೈ ಮಂಚದ ಪಟ್ಟಿಯನ್ನು ಹುಡುಕಿ ಹಿಡಿಯಿತು. ಕತ್ತು ಎದ್ದಿತು, ಕಾಲು ಬರಲಿಲ್ಲ.

"ಕಾಯಿ ಬಿತ್ತೇನಯ್ಯಾ?"

ಅವನು ಚಮಚ ಕೆಳಗಿಟ್ಟ. ಅವಳ ಕೈಯನ್ನು ಮೆಲ್ಲಗೆ ಪಟ್ಟಿಯಿಂದ ಬಿಡಿಸಿದ.

"ಇಲ್ಲ ಅಮ್ಮಾವ್ರೆ. ಎಲ್ಲೂ ಬಿದ್ದಿಲ್ಲ. ಗಾಳಿ ಸದ್ದು. ಮಲಕ್ಕಳಿ."

ಅವಳು ಅವನ ಮುಖವನ್ನೇ ನೋಡಿದಳು. ಆ ನೋಟ ಎಷ್ಟೋ ಕಾಲದ ಮೇಲೆ ಅವನ ಮೇಲೆ ನೆಟ್ಟಗೆ ನಿಂತಿತ್ತು. ಗುರುತು ಹಿಡಿದಳೇನೋ ಎಂದು ಅವನು ಮುಂದಕ್ಕೆ ಬಾಗಿದ.

"ನೀನೂ ನಮ್ ಯಜಮಾನ್ನಂಗೇ ಕಣಯ್ಯ" ಎಂದಳು. "ಅವ್ನೂ ಹಿಂಗೇ ಮೆತ್ತಗೆ ಮಾತಾಡ್ತಿದ್ದ."

ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಹೊರಗೆ ಇನ್ನೊಂದು ಕಾಯಿ ಬಿತ್ತು. ಅವಳು ತಲೆ ಎತ್ತಲಿಲ್ಲ.